ಲಿಯಾನ್ ಮಂಬಿಯ ಎದುರು ವಕೀಲೆ

ಇಂಗ್ಲೆಂಡಿನ ಹಲ್ ಪಟ್ಟಣದ ಮೀನು ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಓದಿಸಿದ ಮಾರೀನ್ ಬ್ಲೆಂಕಿನ್, ಬಸ್ಸಿನಲ್ಲಿ ಪಕ್ಕ ಕೂತವರಿಗೂ "ನಮ್ಮ ಬ್ರಯನಿ ಕೋರ್ಟಲ್ಲಿ ವಿಗ್ ಹಾಕ್ತಾಳೆ, ಗೊತ್ತಾ?" ಎನ್ನುತ್ತಿದ್ದಳು. ವಿಗ್ ಹಾಕುವುದು ದೊಡ್ಡ ಕೋರ್ಟುಗಳಲ್ಲಿ ವಾದಿಸುವವರು; ಬ್ರಯನಿಗೆ ಆ ಅದೃಷ್ಟ ಅಪರೂಪ. ಕಿರಿಯ ಬ್ಯಾರಿಸ್ಟರಿಗೆ ಬರುವುದು ಹಿರಿಯರು ಮುಟ್ಟದೆ ಬಿಟ್ಟ ಕೆಲಸ: ಇವತ್ತು ಮನೆ ಖಾಲಿ ಮಾಡಿಸುವ ದಾವೆ, ನಾಳೆ ಅಂಗಡಿ ಕಳ್ಳತನ, ನಾಡಿದ್ದು ಬೇರೆಯಾದ ಅಪ್ಪ ಅಮ್ಮಂದಿರ ನಡುವೆ ಮಗು ಯಾರಿಗೆ ಎಂಬ ಜಗಳ. ಹಂಚುವವನು ಕಚೇರಿಯ ಕ್ಲರ್ಕು ಗ್ರೇಮ್. ಸಂಜೆ ಅವನ ಫೋನ್ ಬಂತೆಂದರೆ ಬೆಳಿಗ್ಗೆ ಅವಳು ಹಂಬರ್ ನದಿಯ ಸೇತುವೆ ದಾಟಿ ಎಲ್ಲಿಗೋ ಹೊರಟಿರುತ್ತಿದ್ದಳು.

ಆ ಫೆಬ್ರವರಿಯಲ್ಲಿ ಗ್ರಿಮ್ಸ್‌ಬಿಯ ಕರ್ಟ್ ಸ್ಟಾಥರ್ಸ್ ಎಂಬವನ ಪರ ನಿಂತಳು. ಮದುವೆಯಾಗದೆ ಜೊತೆಗಿದ್ದ ಲಿಯಾನ್ ಮಂಬಿಯನ್ನು ಹೊಡೆದನೆಂಬ ಆರೋಪ. ಲಿಯಾನ್ ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದೆ ಎಂದಿದ್ದಳು; ಆಮೇಲೆ ಪೊಲೀಸರ ಮುಂದೆ ಕರ್ಟ್ ಹೊಡೆದ ಎಂದಿದ್ದಳು.

"ಎರಡರಲ್ಲಿ ಒಂದು ಸುಳ್ಳು, ಅಲ್ವಾ ಮಿಸ್ ಮಂಬಿ?" ಎಂದು ಬ್ರಯನಿ ಕೇಳಿದಳು.

"ಆಸ್ಪತ್ರೇಲಿ ಅವನು ಪಕ್ಕದಲ್ಲೇ ನಿಂತಿದ್ದ..."

"ನಾನು ಕೇಳಿದ್ದು ಅದಲ್ಲ. ಒಂದು ಸುಳ್ಳು ತಾನೇ?"

"ಹೌದು."

"ಅಂದ್ರೆ ಬೇಕಾದಾಗ ಸುಳ್ಳು ಹೇಳೋದು ನಿಮಗೆ ಬರುತ್ತೆ."

ದನಿ ಏರಿಸಲಿಲ್ಲ, ಏರಿಸುವ ಅಗತ್ಯವೂ ಬೀಳಲಿಲ್ಲ. ಲಿಯಾನ್ ಅಂಗಿಯ ತೋಳನ್ನು ಬೆರಳಿನ ತನಕ ಎಳೆದುಕೊಂಡಳು. ಕರ್ಟ್ ಬಿಡುಗಡೆಯಾದ. ವಾಪಸು ಬರುವಾಗ ಸೇತುವೆ ಮೇಲೆ ಬ್ರಯನಿ ರೇಡಿಯೋ ಜೋರು ಮಾಡಿ ಹಾಡಿಕೊಂಡಳು. ಕೆಲಸ ಚೊಕ್ಕವಾಗಿ ಆಗಿತ್ತು.

ಜೂನ್‌ನಲ್ಲಿ ಮನೆ ಮಾಲೀಕ ಸಂಸ್ಥೆಯೊಂದರ ಪರವಾಗಿ ಮತ್ತೆ ಗ್ರಿಮ್ಸ್‌ಬಿಗೆ ಹೋದಳು. ಬಾಡಿಗೆ ನಿಂತುಹೋದ ಮನೆಗಳ ಪಟ್ಟಿಯಲ್ಲಿ ಲಿಯಾನಳ ಹೆಸರಿತ್ತು. ಕರ್ಟ್ ಮನೆ ಬಿಟ್ಟು ಹೋಗಿದ್ದ. ಲಿಯಾನ್ ದಿನಸಿ ಚೀಲದಲ್ಲಿ ಕಾಗದ ತುಂಬಿಕೊಂಡು ಕೋರ್ಟಿನ ಮೊಗಸಾಲೆಯಲ್ಲಿ ಒಬ್ಬಳೇ ಕೂತಿದ್ದಳು. ಇಂಥ ಕೇಸುಗಳನ್ನು ಬ್ರಯನಿ ಒಳಗೆ ಹೋಗುವ ಮೊದಲೇ ರಾಜಿ ಮಾಡಿಸಿಬಿಡುತ್ತಿದ್ದಳು.

"ಐದು ನಿಮಿಷ ಮಾತಾಡೋಣ್ವಾ? ಸ್ವಲ್ಪ ಸ್ವಲ್ಪವಾಗಿ ಕಟ್ತೀನಿ ಅಂದ್ರೆ ಮನೆ ಉಳಿಯುತ್ತೆ."

ಲಿಯಾನ್ ಚೀಲವನ್ನು ಎದೆಗೆ ಒತ್ತಿಕೊಂಡಳು. "ನಿಮ್ಮತ್ರ ಒಂದು ಮಾತೂ ಆಡಲ್ಲ. ನಾನು ಏನಂದ್ರೂ ಅದನ್ನ ತಿರುಚಿ ನನ್ನ ಬಾಯಿಗೇ ತುರುಕ್ತೀರಿ."

"ಇದು ಬೇರೆ ಕೇಸು ಕಣ್ರೀ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನಿಮ್ಮಿಂದ ಆಗೋ ಒಳ್ಳೇದು ಕಂಡಿದೀನಲ್ಲ!"

ಒಳಗೂ ಅವಳು ಬಾಯಿ ತೆರೆಯಲಿಲ್ಲ. ಹೇಗೆ ಕಟ್ಟುತ್ತೀರಿ ಎಂದು ನ್ಯಾಯಾಧೀಶರು ಕೇಳಿದರೆ ಅಡ್ಡಡ್ಡ ತಲೆಯಾಡಿಸಿದಳು ಅಷ್ಟೆ. ಮನೆ ಹೋಯಿತು. ಬ್ರಯನಿ ಆ ಸಂಜೆ ರೇಡಿಯೋ ಹಾಕಲಿಲ್ಲ.

ಅಕ್ಟೋಬರಿನಲ್ಲಿ ಗ್ರೇಮ್ ಫೋನ್ ಮಾಡಿ, ಕರ್ಟ್‌ನ ಕಡೆಯವರು ಬ್ರಯನಿಯೇ ಬೇಕೆನ್ನುತ್ತಿದ್ದಾರೆ ಎಂದ. ಅವನಿಗೂ ಲಿಯಾನಳಿಗೂ ಹುಟ್ಟಿದ ಆರು ವರ್ಷದ ಮಗಳು ಟಿಲ್ಡಾ ತನ್ನ ಜೊತೆಗಿರಲಿ ಎಂದು ಕರ್ಟ್ ಅರ್ಜಿ ಹಾಕಿದ್ದ.

"ನನ್ನಿಂದಾಗಲ್ಲ ಗ್ರೇಮ್. ಬೇರೆ ಯಾರಿಗಾದ್ರೂ ಕೊಡು."

"ವಿಚಾರಣೆ ದಿನ ನೀವು ಖಾಲಿ ಇದೀರಲ್ಲ ಮಿಸ್. ನಿಯಮಕ್ಕೆ ಅಡ್ಡ ಬರೋದು ಏನಾದ್ರೂ ಇದ್ಯಾ?"

"ಇಲ್ಲ. ಆ ಹೆಂಗಸಿನ ಮುಖ ನೋಡಕ್ಕಾಗಲ್ಲ."

"ಮುಖ ಇಷ್ಟವಿಲ್ಲ ಅಂತ ಟ್ಯಾಕ್ಸಿಯೋನು ಸವಾರಿ ಬಿಡಕ್ಕಾಗತ್ತಾ? ನಿಮಗೂ ಅದೇ ನಿಯಮ, ಬಂದ ಕೇಸು ಬಿಡೋ ಹಾಗಿಲ್ಲ. ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಿರಲಿಲ್ಲ. ಅವಳು ಹೋದಳು.

ಲಿಯಾನ್ ಸೊರಗಿದ್ದಳು. ತಾಯಿ ಮಗಳು ಈಗ ಮನೆಯಿಲ್ಲದವರಿಗೆಂದು ಕೊಟ್ಟ ಒಂದೇ ಕೋಣೆಯಲ್ಲಿದ್ದರು. ಅವಳ ಪರ ವಕೀಲರಿರಲಿಲ್ಲ. ನ್ಯಾಯಾಧೀಶರು ಸಾವಧಾನದ ಮನುಷ್ಯ. ಪೆನ್ನು ಕೆಳಗಿಟ್ಟು ಕೇಳಿದರು. "ಆ ಕೋರ್ಟು ಅವರನ್ನ ಬಿಟ್ಟುಬಿಡ್ತು ಅಂದ ಮಾತ್ರಕ್ಕೆ ನಾನು ಕೇಳಬಾರದು ಅಂತಿಲ್ಲ. ಮಗುವಿನ ತಂದೆ ನಿಮ್ಮ ಮೇಲೆ ಕೈ ಮಾಡಿದ್ದುಂಟಾ?"

ಲಿಯಾನ್ ಅವರ ಕಡೆ ನೋಡಲಿಲ್ಲ, ಕರ್ಟ್‌ನ ಕಡೆಯೂ ನೋಡಲಿಲ್ಲ. ಬ್ರಯನಿಯನ್ನು ನೋಡಿದಳು. ಹೇಳು, ಹೇಳಿಬಿಡು ಎಂದು ಬ್ರಯನಿಯ ಮನಸ್ಸು ಬಡಿದುಕೊಂಡಿತು. ಅವಳು ಹೇಳಿದರೆ ತಾನು ಎದ್ದು ನಿಂತು ಮತ್ತೆ ಅದೇ ಪ್ರಶ್ನೆ ಕೇಳಬೇಕಾಗುತ್ತದೆ, ಕೇಳಿಯೂ ಕೇಳುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಕಾಗದದ ಮೇಲೆ ತಲೆ ತಗ್ಗಿಸಿದಳು.

"ಇಲ್ಲ ಸರ್. ಹಂಗೇನೂ ಇಲ್ಲ," ಎಂದಳು ಲಿಯಾನ್.

ಆಮೇಲೆ ಬ್ರಯನಿ ಎದ್ದು ಮಾತಾಡಿದಳು. ಪಕ್ಕದ ಊರು ಕ್ಲೀಥಾರ್ಪ್ಸ್‌ನಲ್ಲಿ ಕರ್ಟ್‌ನ ತಾಯಿಯ ಮನೆ, ಮಗುವಿಗೊಂದು ಕೋಣೆ, ನಡೆದು ಹೋಗುವಷ್ಟು ಹತ್ತಿರ ಶಾಲೆ. ಒಂದು ಮಾತೂ ಸುಳ್ಳಿರಲಿಲ್ಲ. ಮಗು ತಂದೆಗೆ, ಶನಿವಾರಗಳು ತಾಯಿಗೆ ಎಂದಾಯಿತು.

ಹೊರಗೆ ಕರ್ಟ್ ಬ್ರಯನಿಯ ಕೈ ಕುಲುಕಿದ. "ಅವಳ ಬಾಯಿ ಕಟ್ಟೋಕೆ ನಾನು ಎಷ್ಟು ವರ್ಷ ಒದ್ದಾಡಿದೆ ಮೇಡಂ! ನೀವು ಒಂದೇ ಸಲಕ್ಕೆ ಕಟ್ಟಿಬಿಟ್ರಿ," ಎಂದು ನಕ್ಕ.

ಕಕ್ಷಿದಾರ ತನ್ನ ವಕೀಲೆಗೆ ಆಡಿದ ಮಾತು. ಅದನ್ನು ನ್ಯಾಯಾಧೀಶರಿಗಾಗಲಿ, ಪೊಲೀಸರಿಗಾಗಲಿ, ಸ್ವಂತ ತಾಯಿಗಾಗಲಿ ಅವಳು ಬದುಕಿರುವ ತನಕ ಹೇಳುವಂತಿರಲಿಲ್ಲ. ಕಕ್ಕಸಿಗೆ ಹೋಗಿ ತಣ್ಣೀರಿನ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಂತಳು.

ಕಾರಿನ ಹತ್ತಿರ ಬಂದಾಗ ಲಿಯಾನ್ ಅಲ್ಲೇ ಗೋಡೆಗೆ ಆತುಕೊಂಡು ನಿಂತಿದ್ದಳು. ಬೈಯಲಿ, ಉಗಿಯಲಿ ಎಂದು ಬ್ರಯನಿ ಕಾದಳು.

"ಶನಿವಾರ ಎಷ್ಟು ಗಂಟೆಗೆ ಅಂದ್ರು ಜಡ್ಜು?" ಎಂದು ಲಿಯಾನ್ ಕೇಳಿದಳು. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ಯಾರನ್ನ ಕೇಳೋದು ಅಂತಾನೂ ಗೊತ್ತಾಗ್ಲಿಲ್ಲ."

"ಹತ್ತರಿಂದ ನಾಲ್ಕು."

"ಬೆಳಿಗ್ಗೆ ಹತ್ತಾ?"

"ಹೌದು. ಬೆಳಿಗ್ಗೆ ಹತ್ತು."

"ಥ್ಯಾಂಕ್ಸ್," ಎಂದು ಲಿಯಾನ್ ಬಸ್‌ಸ್ಟಾಪಿನ ಕಡೆ ನಡೆದಳು.