ಕುಂಡದ ತೂತು ಮುಚ್ಚಿದ ಅಕ್ಕ

ನಮ್ಮ ಮಂಡ್ಯದಲ್ಲಿ ಮನುಷ್ಯ ಸತ್ತರೆ ಹೇಗೆ ಅಳಬೇಕು, ಹಸು ಸತ್ತರೆ ಹೇಗೆ ಅಳಬೇಕು ಎಂಬುದು ಎಲ್ಲರಿಗೂ ಗೊತ್ತು. ಬೋನ್ಸಾಯ್ ಸತ್ತರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ನನ್ನ ಹನ್ನೊಂದು ಮರಗಳು ಒಂದೇ ವಾರದಲ್ಲಿ ಹೋದವು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ ಸಹೋದ್ಯೋಗಿಯೊಬ್ಬರು, "ಕುಂಡದ ಗಿಡ ತಾನೇ ಮೇಡಂ, ನರ್ಸರೀಲಿ ಬೇಕಾದಷ್ಟು ಸಿಕ್ತವೆ" ಎಂದು ಸಮಾಧಾನ ಹೇಳಿ ಚಿತ್ರಾನ್ನದ ಡಬ್ಬಿ ತೆರೆದರು. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂನಲ್ಲಿ ಕೆಲಸ ಮಾಡುವ ಪರಿಚಯದವರಿಗೆ ಫೋಟೊ ಕಳಿಸಿದೆ. ಅವರು ಮೊದಲು ಕೇಳಿದ್ದು, "ಇದು ಕಾಯಿ ಬಿಡ್ತಿತ್ತಾ?" ಹತ್ತೊಂಬತ್ತು ವರ್ಷದ ಹುಣಸೆ, ಎತ್ತರ ಒಂದೂವರೆ ಗೇಣು, ಒಂದು ಕಾಯಿಯನ್ನೂ ಬಿಟ್ಟಿಲ್ಲ ಎಂದೆ. "ಹಂಗಾದ್ರೆ ನಷ್ಟ ಏನಿಲ್ಲ ಬಿಡಿ" ಎಂದರು.

ಒಪ್ಪಿಕೊಳ್ಳಲೇಬೇಕು, ಈ ಹವ್ಯಾಸ ನಮ್ಮ ಮಣ್ಣಿಗೇ ಅವಮಾನ. ನಾಲೆ ನೀರು ಕುಡಿದು ಕಬ್ಬು ಆಳುದ್ದ ಬೆಳೆಯುವ ಸೀಮೆಯಲ್ಲಿ ಕುಳಿತು ನಾನು ಮರಗಳು ಬೆಳೆಯದ ಹಾಗೆ ನೋಡಿಕೊಳ್ಳುತ್ತಿದ್ದೆ. ಬೇರು ಕತ್ತರಿಸುವುದು, ಕೊಂಬೆಗೆ ತಂತಿ ಸುತ್ತುವುದು, ಬಂದವರೆದುರು ಬೀಗುವುದು. ಸಾಲದ್ದಕ್ಕೆ ಸಸ್ಯಶಾಸ್ತ್ರದ ಲೆಕ್ಚರರ್ ಬೇರೆ. ಆದರೂ ಅವುಗಳೆಂದರೆ ನನಗೆ ಪ್ರಾಣ. ಆ ಹುಣಸೆಯನ್ನು ಬೀಜದಿಂದ ಎಬ್ಬಿಸಿದ್ದೆ. ಬೆಳಿಗ್ಗೆ ಎದ್ದರೆ ಕಾಫಿಗಿಂತ ಮೊದಲು ಅದರ ಹತ್ತಿರ ಹೋಗುತ್ತಿದ್ದೆ.

ಉತ್ತರಪತ್ರಿಕೆ ತಿದ್ದಲು ಎಂಟು ದಿನ ಕಲಬುರಗಿಗೆ ಹೋಗಬೇಕಾಯಿತು. ಗಿಡ ನೋಡಿಕೊಳ್ಳಲು ಕೆರಗೋಡಿನಿಂದ ಅಕ್ಕನನ್ನು ಕರೆಸಿದೆ. ಬುದ್ಧಿ ಬಂದಾಗಿನಿಂದ ಗದ್ದೆಯಲ್ಲೇ ಇರುವವಳು, ಹನ್ನೊಂದು ಕುಂಡ ಅವಳಿಗೆ ಯಾವ ಮಹಾ ಎಂದುಕೊಂಡೆ.

ವಾಪಸು ಬಂದು ತಾರಸಿ ಹತ್ತಿದರೆ ಕೊಳೆತ ನಾತ. ಎಲೆಗಳೆಲ್ಲ ಸುಟ್ಟು ಉದುರಿದ್ದವು. ಕುಂಡಗಳಲ್ಲಿ ನಾಟಿಗೆ ಸಿದ್ಧವಾದ ಗದ್ದೆಯ ಹಾಗೆ ನೀರು ನಿಂತಿತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ವರದಿ ಒಪ್ಪಿಸಿದಳು.

"ಎಲ್ಲಾ ಕುಂಡದ ತಳ್ದಲ್ಲೂ ತೂತು ಕಣಮ್ಮಿ. ಉಯ್ದ ನೀರೆಲ್ಲ ಸೋರೋಯ್ತಿತ್ತು. ಏಡಿ ಬಿಲ ಮುಚ್ಚೋ ಅಂಗೆ ಜೇಡಿಮಣ್ಣು ಮೆತ್ತಿ ನೀರು ಕಟ್ದೆ. ಒಂದೊಂದು ಇಡಿ ಯೂರಿಯಾನೂ ಎರಚ್ದೆ. ಅದ್ಯಾವ ಜಾತಿ ಗಿಡವೋ ಕಾಣೆ, ಏನ್ ಮಾಡುದ್ರೂ ಏಳ್ನಿಲ್ಲ ಬುಡು."

ಗದ್ದೆಯ ಬದುವಿನಲ್ಲಿ ಏಡಿ ತೋಡಿದ ಬಿಲ ಮುಚ್ಚುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಕುಂಡವೂ ಒಂದು ಹನಿ ಸೋರುತ್ತಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹುಣಸೆಯನ್ನು ಎತ್ತಿದರೆ ಬೇರು ಕೈಯಲ್ಲೇ ಕಿತ್ತು ಬಂತು. "ಯಾವ್ದಕ್ಕೆ ಎಷ್ಟು ನೀರು ಅಂತ ಎರಡು ಹಾಳೆ ಬರ್ದು ಟ್ಯಾಂಕಿಗೆ ಅಂಟಿಸಿದ್ನಲ್ಲ, ಕಣ್ಣಿಗೆ ಬೀಳ್ಲಿಲ್ವಾ ನಿಂಗೆ?" ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಕಿರುಚಿದೆ.

"ಬಿತ್ತು ಕಣಮ್ಮಿ. ಗಾಳಿಗೆ ಕಿತ್ಕತಿತ್ತು. ಏನೋ ಬೇಕಾದ ಕಾಗ್ದ ಅಂತ ಅನ್ನ ಮೆತ್ತಿ ಇನ್ನೊಂದ್ಸಲ ಅಂಟಿಸ್ದೆ" ಎಂದಳು. ಆಮೇಲೆ, "ನಂಗೆ ಓದಾಕೆ ಎಲ್ಲಿ ಬತ್ತದೆ?" ಎಂದಳು.

ಅವಳಿಗೆ ಅಕ್ಷರ ಬಾರದೆಂಬುದು ನನಗೇನು ಹೊಸ ಸುದ್ದಿಯಲ್ಲ. ಅವಳನ್ನು ಶಾಲೆಗೆ ಸೇರಿಸಬೇಕೆನ್ನುವ ಹೊತ್ತಿಗೆ ನಾನು ಹುಟ್ಟಿದೆ. ಅವ್ವ ನಾಟಿಗೆ ಹೋದಾಗ ನನ್ನನ್ನು ಎತ್ತಿ ಆಡಿಸಲು ಅವಳು ಮನೆಯಲ್ಲೇ ಉಳಿದಳು. ಅದೊಂದನ್ನು ಮರೆತಿದ್ದೆ. ಹನ್ನೊಂದು ಗಿಡಗಳ ಲ್ಯಾಟಿನ್ ಹೆಸರನ್ನು ಮಾತ್ರ ಒಂದಕ್ಷರ ತಪ್ಪದೆ ಹಾಳೆಯಲ್ಲಿ ಬರೆದಿದ್ದೆ.

ಅಲ್ಲೇ ಕುಕ್ಕರಿಸಿ, ನಾಚಿಕೆ ಬಿಟ್ಟು ಅತ್ತೆ. ಯಾವುದಕ್ಕೆಂದು ಆಗ ಕೇಳಿದ್ದರೆ ಹುಣಸೆಗೆ ಎನ್ನುತ್ತಿದ್ದೆ. ಇಷ್ಟು ಜನರಲ್ಲಿ ನನ್ನ ಮರದ ಸಾವನ್ನು ಸಾವೆಂದು ಒಪ್ಪಿಕೊಂಡವಳು ಅವಳೊಬ್ಬಳೇ. ಪಕ್ಕದಲ್ಲಿ ಕುಳಿತು, ಕೆಸರು ಮೆತ್ತಿದ ನನ್ನ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಮುಂದ್ಲ ಸಲ ಓಗೋವಾಗ ಬಾಯಲ್ಲಿ ಯೋಳ್ಬುಟ್ಟೋಗು" ಎಂದಳು. "ಒಂದ್ಸಲ ಯೋಳುದ್ರೆ ನಾನು ಮರಿಯಾಕಿಲ್ಲ."