ತಂತಿಯ ಮೇಲೆ ಉಳಿದಿದ್ದ ಚೂರು

ಮಸ್ಕಿಯ ನಮ್ಮ ಮನೆಯಲ್ಲಿ ಪತ್ರಗಳನ್ನು ಪೆಟ್ಟಿಗೆಯಲ್ಲಿಡುವ ರೂಢಿ ಇರಲಿಲ್ಲ. ಪಡಸಾಲೆಯ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಕಬ್ಬಿಣದ ತಂತಿ. ತಂತಿಯ ಮೇಲ್ತುದಿ ಕೊಕ್ಕೆಯಂತೆ ಬಾಗಿ ಚೂಪಾಗಿತ್ತು, ಕೆಳತುದಿಗೆ ಕಾಗದ ಜಾರದಂತೆ ಒಂದು ಮರದ ಬಿಲ್ಲೆ. ಬಂದ ಪತ್ರವನ್ನು ಓದಿ, ನಡುವೆ ಚುಚ್ಚಿ ಕೆಳಗಿಳಿಸಿದರೆ ಆಯಿತು. ಎಲ್ಲಕ್ಕಿಂತ ಹಳೆಯದು ಎಲ್ಲಕ್ಕಿಂತ ಕೆಳಗೆ. ಹೀಗೆ ಮೂರು ತಲೆಮಾರಿನ ಕುಶಲ ಸಮಾಚಾರವೆಲ್ಲ ಹೊಟ್ಟೆಯಲ್ಲಿ ಒಂದೊಂದು ತೂತಿಟ್ಟುಕೊಂಡು ಆ ತಂತಿಯ ಮೇಲೆ ಕೂತಿತ್ತು.

ಕಳೆದ ಬೇಸಿಗೆಯಲ್ಲಿ ತಮ್ಮ ಫೋನ್ ಮಾಡಿದ. ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸುತ್ತಿದ್ದ. "ನಾಳಿಂದ ಜಂತಿ ಇಳಸಾಕತ್ತೀವಿ. ನಿನ್ನ ಕಾಗದ, ಆ ಫೋಟೋ ಒಯ್ಯೂದಿದ್ರ ಇವತ್ತ ಬಾ. ಆಮ್ಯಾಲ ಮಣ್ಣಾಗ ಹುಡುಕ್ಕೊಂತ ಕುಂದ್ರಬ್ಯಾಡ" ಎಂದ. ಸಿಂಧನೂರಿನಿಂದ ಬಸ್ಸು ಹತ್ತಿದೆ. ಗೊರೇಬಾಳದ ಗದ್ದೆಗಳು ಕಿಟಕಿಯಲ್ಲಿ ಹಾದುಹೋದದ್ದು ನೆನಪಿದೆ. ಬೇಸಿಗೆಯಲ್ಲಿ ಆ ಗದ್ದೆಗಳು ಖಾಲಿ ಇರುತ್ತವೆ. ಆದರೆ ನನ್ನ ನೆನಪಿನಲ್ಲಿ ಅವು ಹಸಿರಾಗಿವೆ. ಇಂಥ ಸಣ್ಣ ವಿಷಯದಲ್ಲೇ ನನ್ನ ನೆನಪು ಕೈಕೊಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಫೋಟೋದ ವಿಷಯದಲ್ಲೂ ಹಾಗೇ ಆಯಿತು. ಅದು ಅಜ್ಜಿಯ ಅಣ್ಣನದು. ಹದಿಹರೆಯ ದಾಟುತ್ತಲೇ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಮಸ್ಕಿಗೆ ಬರಲಿಲ್ಲ. ಅವನು ಹೋದದ್ದಕ್ಕೇ ಅಜ್ಜಿಗೆ ಮನೆ ಅಳಿಯನನ್ನು ತಂದರು, ಹಾಗಾಗಿಯೇ ಆ ಮನೆ ನಮ್ಮದಾಯಿತು. ಹೋದ ಮೂರನೆಯದೋ ನಾಲ್ಕನೆಯದೋ ವರ್ಷ ಸೊಲ್ಲಾಪುರದ ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದ ಫೋಟೋ ಅದು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಗಳಿಗೆ ಅದನ್ನು ಎಷ್ಟೋ ಸಲ ವರ್ಣಿಸಿದ್ದೇನೆ: ರುಮಾಲು ಸುತ್ತಿದ ಯುವಕ, ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾನೆ, ಗಿರಣಿಯ ಸಂಬಳ ಹಳ್ಳಿಯ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿತು ನೋಡಿ ಎಂದೆಲ್ಲ. ಆ ದಿನ ಕೆಳಗಿಳಿಸಿ ಧೂಳೊರೆಸಿದರೆ ಅವನು ನಿಂತಿದ್ದಾನೆ. ಕುರ್ಚಿ ಪಕ್ಕದಲ್ಲಿ ಖಾಲಿ ಇದೆ.

ಪತ್ರಗಳ ವಿಷಯದಲ್ಲಾದರೂ ಶಾಸ್ತ್ರೋಕ್ತವಾಗಿ ನಡೆದುಕೊಳ್ಳೋಣ ಎಂದು ಮೊದಲು ತಂತಿಯನ್ನು ಇದ್ದ ಹಾಗೇ ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದೆ. ಆಮೇಲೆ ಒಂದೊಂದಾಗಿ ಬಿಡಿಸಿ, ಬ್ರಶ್ಶಿನಿಂದ ಒರೆಸಿ, ನಂಬರು ಹಾಕಿದ ಪ್ಲಾಸ್ಟಿಕ್ ಹಾಳೆಗಳೊಳಗೆ ಸೇರಿಸಿದೆ. ಇಲಿ ಕಡಿದ ಚೂರುಪಾರುಗಳನ್ನು ಗುಡಿಸಿ, ಮಾಳಿಗೆಯಿಂದ ಆಗಲೇ ಇಳಿಸಿದ್ದ ಮಣ್ಣಿನ ರಾಶಿಗೆ ಚೆಲ್ಲಿದೆ. ಅದು ಸಂಜೆ ಟ್ರ್ಯಾಕ್ಟರಿನಲ್ಲಿ ಊರಾಚೆ ಹೋಯಿತು. ಕೈ ತೊಳೆದುಕೊಂಡಾಗ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಫೋಟೋವನ್ನು ಸಿಂಧನೂರಿನ ಒಂದು ಸ್ಟುಡಿಯೋಕ್ಕೆ ಸ್ಕ್ಯಾನ್ ಮಾಡಿಸಲು ಒಯ್ದೆ. ಮೂಲವನ್ನು ಬೆಳಕು ತಾಗದಂತೆ ಎತ್ತಿಡುವುದು, ಗೋಡೆಗೆ ಪ್ರತಿಯನ್ನು ತೂಗುಹಾಕುವುದು ಎಂದು ನನ್ನ ಯೋಜನೆ. ಸ್ಟುಡಿಯೋ ನಡೆಸುವವರು ನನ್ನದೇ ವಯಸ್ಸಿನವರು. ಪರದೆಯ ಮೇಲೆ ಮುಖವನ್ನು ದೊಡ್ಡದು ಮಾಡಿ ನೋಡಿದರು.

"ಭಾರಿ ಕಳಾ ಐತ್ರಿ ಸರ ಮಾರಿ ಮ್ಯಾಗ. ಮೀಸಿ ಸ್ವಲ್ಪ ಕರ್ರಗ ಮಾಡ್ಲೇನ್ರಿ?"

"ಏನೂ ಮಾಡಬ್ಯಾಡ್ರಿ. ಇದ್ದಂಗ ಇರಲಿ."

"ಆತು. ಹಾರ ಯಾವುದು ಹಾಕ್ಲಿ? ಗುಲಾಬಿ ಐತಿ, ಗಂಧದ್ದೈತಿ. ಕೆಳಗ ಎರಡು ದೀಪಾನೂ ಬರ್ತಾವು."

"ಹಾರ ಬ್ಯಾಡ್ರಿ."

ಅವರು ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. "ಅಲ್ರೀ ಸರ, ಇವ್ರು ಹೋಗ್ಯಾರೋ ಇಲ್ಲೋ?"

ನೂರು ವರ್ಷದ ಫೋಟೋ. ನಗಬೇಕಾಗಿತ್ತು, ನಗು ಬರಲಿಲ್ಲ. ನಮ್ಮ ಪಡಸಾಲೆಯಲ್ಲಿ ತೀರಿಕೊಂಡವರ ಫೋಟೋಗಳಿಗೆ ಒಂದು ಗೋಡೆ, ಅಲ್ಲಿ ವಿಭೂತಿ, ಹಾರ. ಇದು ಆ ಗೋಡೆಯಲ್ಲಿ ಎಂದೂ ಇರಲಿಲ್ಲ. ಎದುರಿನ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಮೊಮ್ಮಕ್ಕಳ ಮದುವೆ ಫೋಟೋಗಳ ಜೊತೆ ಇತ್ತು. ಸಾಯುವವರೆಗೆ ಅಜ್ಜಿ ಅದಕ್ಕೆ ವಿಭೂತಿ ಹಚ್ಚಲು ಬಿಡಲಿಲ್ಲ. ಸುದ್ದಿಯೇ ಬಂದಿಲ್ಲ ಎನ್ನುತ್ತಿದ್ದಳು.

"ಕೇಳಿ ಹೇಳ್ತೀನ್ರಿ" ಎಂದೆ. ಕೇಳಲು ಉಳಿದಿದ್ದವಳು ಒಬ್ಬಳೇ, ಲಿಂಗಸುಗೂರಿನ ಅತ್ತೆ. ಅಪ್ಪನ ತಂಗಿ, ಎಂಬತ್ತು ದಾಟಿದಾಕೆ.

ಅತ್ತೆ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ನಾನು ಸ್ಟುಡಿಯೋದ ಕಥೆ ಹೇಳಿದರೆ ನಕ್ಕಾಳು ಎಂದುಕೊಂಡಿದ್ದೆ. ಕೇಳಿದವಳು ಮೊರ ಕೆಳಗಿಟ್ಟಳು.

"ನಾನ ನಿನಗ ಹೇಳಿ ಕಳಸಬೇಕು ಅಂತಿದ್ದೆ. ಪಂಚಮಿಗೆ ಹುತ್ತಕ್ಕ ಹಾಲು ಎರಿಯೋ ಮುಂದ ನಾ ಏನಂತೀನಿ, ಗೊತ್ತೈತೇನು?"

ಗೊತ್ತಿತ್ತು. ನಮ್ಮ ಕಡೆ ಹೆಂಗಸರು ಬೆಲ್ಲದ ಹಾಲು ಎರೆಯುವಾಗ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಹನಿ ಬಿಡುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು. ಅಜ್ಜಿ ಕೊನೆಯವರೆಗೂ "ಅಣ್ಣನ ಪಾಲು" ಎಂದು ಎರೆದಳು. ಅವಳ ನಂತರ ಅತ್ತೆ "ಸೋದರಮಾವನ ಪಾಲು" ಎಂದು ಎರೆಯುತ್ತ ಬಂದಿದ್ದಾಳೆ, ಮುಖವನ್ನೇ ನೋಡದ ಸೋದರಮಾವ.

"ನಾ ಹೋದ ಮ್ಯಾಲೆ ಯಾರು ಎರಿತಾರ? ನಿನ್ನ ಹೆಂಡತಿ ಎರಿತಾಳೇನು?"

ಅತ್ತೆಯೇ ಮುಂದುವರಿಸಿದಳು.

"ಹಿರೇರ ಗ್ವಾಡಿಗೆ ಬಂದ್ರ ಚಿಂತಿ ಇಲ್ಲ. ಮಾನಮಿ ಅಮಾಸಿಗೆ ನಿನ್ನ ತಮ್ಮನ ಮನಿಯಾಗ ಎಡಿ ಮಾಡ್ತಾರ. ಹೆಸರು ಗೊತ್ತಿಲ್ಲದವ್ರಿಗೂ ಒಂದು ತುತ್ತು ಮುಟ್ಟತೈತಿ. ಕ್ಯಾಲೆಂಡರ್ ಬಾಜೂಕಿದ್ರ ನಾಳೆ ಯಾವ ಸೊಸಿನೋ, ಇದ್ಯಾರದು ಅಂತ ತಗದು ಒಗಿತಾಳ."

"ಮತ್ತ ಹಾರ ಹಾಕಿಬಿಡು ಅತ್ತಿ. ನೂರಾ ಇಪ್ಪತ್ತು ವರ್ಷ ಯಾರಿರ್ತಾರ?"

"ಹುಚ್ಚ ಇದ್ದೀ ಏನಲೇ! ಖಬರ್ ಇಲ್ಲದ ಹಾರ ಹಾಕಿದ್ರ ನಾವ ಕೊಂದಂಗ ಅಲ್ಲೇನು? ಇಷ್ಟು ವರ್ಷ ಅವ್ವ ಉಳಿಸಿಟ್ಟಾಳ, ನಾ ಕೊಲ್ಲಲೇನು? ನೀ ಕಾಗದ ಎಲ್ಲ ಓದೀ. ಖಬರ್ ಬಂದಿತ್ತೋ ಇಲ್ಲೋ, ಅಷ್ಟು ಹೇಳು."

ಆ ಪ್ರಶ್ನೆಗೆ ಪತ್ರಗಳಲ್ಲಿ ಉತ್ತರವಿರಲು ಸಾಧ್ಯವೇ ಇರಲಿಲ್ಲ. ಸಾವಿನ ಸುದ್ದಿಯ ಪತ್ರವನ್ನು ನಮ್ಮಲ್ಲಿ ಮನೆಯೊಳಗೆ ಇಡುವುದಿಲ್ಲ. ಓದಿದ ಕೂಡಲೇ ಹರಿದು ಹೊಸ್ತಿಲಾಚೆ ಎಸೆದು ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ. ಹಾಗಾಗಿ ನಮ್ಮ ತಂತಿಯ ಮೇಲೆ ಹೆರಿಗೆಗಳಿವೆ, ಮದುವೆಗಳಿವೆ, ಎತ್ತು ಕೊಂಡದ್ದಿದೆ, ಕಾಲರಾ ಬಂದು ಹೋದದ್ದಿದೆ. ಯಾರೂ ಸತ್ತಿಲ್ಲ. ಅಣ್ಣನ ಪತ್ರಗಳು ಕೆಳಗೆ ದಟ್ಟವಾಗಿವೆ. ಪ್ರತಿ ಶ್ರಾವಣದಲ್ಲೂ, ತಂಗಿ ನನ್ನ ಪಾಲು ಎರೆದಳೇ ಎಂಬ ಒಂದು ಸಾಲು. ಮೇಲೆ ಬಂದಂತೆ ವಿರಳವಾಗಿ, ಒಂದು ಕಡೆ ನಿಂತುಬಿಡುತ್ತವೆ.

ಆದರೆ ನನ್ನ ಬಳಿ ಒಂದು ನೆನಪು ಇತ್ತು. ಯಾರಿಗೂ ಹೇಳಿರಲಿಲ್ಲ, ಏಕೆಂದರೆ ನಾನೇ ಅದನ್ನು ಪೂರ್ತಿ ನಂಬಿರಲಿಲ್ಲ. ಆ ದಿನ ಅತ್ತೆಗೆ ಹೇಳಿದೆ.

ನನಗೆ ಆಗ ಏಳು ವರ್ಷವಿರಬೇಕು. ಮಧ್ಯಾಹ್ನ, ಮನೆಯಲ್ಲಿ ಅಜ್ಜಿ ಮತ್ತು ನಾನು. ಬೆಳಿಗ್ಗೆ ಟಪಾಲಿನವ ಕೊಟ್ಟುಹೋದ ಕಾರ್ಡನ್ನು ಅಜ್ಜಿ ರೂಢಿಯಂತೆ ತಂತಿಗೆ ಚುಚ್ಚಿಟ್ಟಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಶಾಲೆಯಿಂದ ಬಂದ ಮೇಲೆ ತಂತಿಯನ್ನೇ ಮೊಳೆಯಿಂದ ತೆಗೆದು ನನ್ನ ಮುಂದೆ ಹಿಡಿದು, ಓದು ಎಂದಳು. ಅಕ್ಷರ ಕೂಡಿಸಿ ಓದಿದೆ; ಯಾರ ಹೆಸರಿತ್ತೋ ಈಗ ನೆನಪಿಲ್ಲ. ಒಂದು ಶಬ್ದ ತಿಳಿಯಲಿಲ್ಲ. "ಕಾಲವಶ ಅಂದ್ರೇನಬೇ?" ಎಂದು ಕೇಳಿದೆ. ಅಜ್ಜಿ ಕಾರ್ಡನ್ನು ತಂತಿಯಿಂದ ಜಗ್ಗಿ ಕಿತ್ತಳು. ಹರಿದಳು. ಹೊಸ್ತಿಲಾಚೆ ಎಸೆದಳು. ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ಒಂದು ಕೊಡ ತಣ್ಣೀರು ಸುರಿದುಕೊಂಡಳು. ಆಮೇಲೆ ಒಂದು ಹಿಡಿ ಶೇಂಗಾ, ಬೆಲ್ಲ ನನ್ನ ಕೈಗಿಟ್ಟು, ನಾಡಿದ್ದು ಪಂಚಮಿ, ಹೆಣ್ಮಕ್ಕಳು ತವರಿಗೆ ಬರ್ತಾರೆ, ಬಾಯಿ ಬಿಡಬೇಡ ಎಂದಳು.

ಈ ಕೊನೆಯ ಭಾಗವನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ. ಅದು ಎಲ್ಲವನ್ನೂ ತೀರ ಚೆನ್ನಾಗಿ ವಿವರಿಸಿಬಿಡುತ್ತದೆ. "ಕಾಲವಶ" ಎಂಬ ಶಬ್ದವನ್ನು ಹೈಸ್ಕೂಲಿನಲ್ಲಿ ಕಲಿತು ಏಳು ವರ್ಷದ ಹುಡುಗನ ಬಾಯಿಗೆ ನಾನೇ ತುರುಕಿರಬಹುದು. ನಿಂತವನನ್ನು ಕುರ್ಚಿಯಲ್ಲಿ ಕೂರಿಸಿದ ನೆನಪು ಇದು. ಇದನ್ನೂ ಅತ್ತೆಗೆ ಹೇಳಿದೆ.

"ಅಂದ್ರ ನೀ ಓದೀಯೋ, ಓದಿಲ್ಲೋ?"

"ಓದೀನಿ ಅಂತ ಅನಸ್ತೈತಿ."

"ಇಷ್ಟು ಸಾಲಿ ಕಲ್ತು ಇದನ್ನ ಹೇಳಾಕ ಬಸ್ ಹತ್ತಿ ಬಂದೀ ಏನಪಾ" ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡಳು.

ಸಿಂಧನೂರಿಗೆ ಬಂದವನೇ ಮೊಬೈಲಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ತಂತಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದೆ. ಮೇಲಿನ ಕಾಲುಭಾಗದಲ್ಲಿ, ಎರಡು ಪತ್ರಗಳ ನಡುವೆ, ಉಗುರಿನಷ್ಟು ದೊಡ್ಡ ಒಂದು ಚೂರು. ಪೋಸ್ಟ್ ಕಾರ್ಡಿನ ಹಳದಿ ರಟ್ಟು. ತಂತಿ ಅದರ ನಡುವೆ ಹಾದುಹೋಗಿದೆ. ಇಲಿ ಕಡಿದರೆ ಅಂಚು ಗರಗಸದ ಹಲ್ಲಿನಂತಿರುತ್ತದೆ. ಇದರ ಅಂಚು ಜಗ್ಗಿ ಕಿತ್ತದ್ದು. ಅದನ್ನೇ ನಾನು ಕಸವೆಂದು ಗುಡಿಸಿ ಚೆಲ್ಲಿದ್ದೆ. ಅದರ ಮೇಲೆ ಒಂದೆರಡು ಅಕ್ಷರಗಳಿದ್ದವೋ ಏನೋ, ಫೋಟೋದಲ್ಲಿ ಕಾಣುವುದಿಲ್ಲ. ಆ ಮಣ್ಣು ಈಗ ಯಾವುದೋ ರಸ್ತೆಯ ಕೆಳಗಿದೆ.

ನಂತರ ಆ ಚೂರಿನ ಮೇಲಿದ್ದ ಪತ್ರವನ್ನು, ಅಂದರೆ ಅದರ ನಂತರ ಬಂದದ್ದನ್ನು, ಪ್ಲಾಸ್ಟಿಕ್ ಹಾಳೆಯಿಂದ ಹುಡುಕಿ ತೆಗೆದೆ. ಲಿಂಗಸುಗೂರಿನಿಂದ ಅತ್ತೆ ಬರೆದದ್ದು. ಮುಂದಿನ ವಾರ ಅದನ್ನು ತೆಗೆದುಕೊಂಡು ಹೋಗಿ ಅವಳಿಗೇ ಓದಿ ಹೇಳಿದೆ: ಪಂಚಮಿ ಮುಗಿಸಿಕೊಂಡು ಕ್ಷೇಮವಾಗಿ ಊರು ಮುಟ್ಟಿದೆವು, ಅವ್ವನ ಮೊಣಕಾಲು ಹೇಗಿದೆ, ನೋವೆಂದು ಈ ವರ್ಷ ಜೋಕಾಲಿಯನ್ನೂ ಹತ್ತಲಿಲ್ಲ, ಎಣ್ಣೆ ಹಚ್ಚಿ ತಿಕ್ಕಲು ಹೇಳಿರಿ.

"ನಾ ಬರದೀನಿ? ನನಗ ನೆನಪ ಇಲ್ಲ" ಎಂದಳು ಅತ್ತೆ. ಕಾಗದ ಇಸಿದುಕೊಂಡು ತನ್ನ ಅಕ್ಷರವನ್ನೇ ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಮೊಣಕಾಲು? ಅವ್ವಗ ಮೊಣಕಾಲು ಯಾವಾಗ ನೋಯ್ತು? ಸಾಯೋ ತಿಂಗಳತನ ಕುಕ್ಕರಗಾಲಿಲೆ ಕುಂತು ರೊಟ್ಟಿ ಬಡದಾಳ."

ಹಾಗಾದರೆ ಆ ಮೊಣಕಾಲು ನೋವು ಜೋಕಾಲಿ ತಪ್ಪಿಸಿಕೊಳ್ಳುವ ನೆಪವಿರಬೇಕು.

"ಅತ್ತಿ, ಒಂದು ಚೂರೂ ಇತ್ತು" ಎಂದು ಮೊಬೈಲು ತೋರಿಸಿದೆ. ಗುಡಿಸಿ ಚೆಲ್ಲಿದ್ದನ್ನೂ ಹೇಳಿದೆ. ಬೈದಾಳು ಎಂದು ಕಾದೆ.

"ಹೋಗಲಿ ಬಿಡು. ಅವ್ವ ಆವತ್ತ ಎಲ್ಲಾ ಒಗದಿದ್ಳು, ಸ್ವಲ್ಪ ಉಳದಿತ್ತು. ಅದನ್ನ ನೀ ಒಗದೀ."

"ಆದ್ರ ಅದು ಯಾರ ಸುದ್ದಿ ಅಂತ ಆ ಚೂರಿನಿಂದ ಹೇಳಾಕ ಬರೂದಿಲ್ಲ. ಬ್ಯಾರೆ ಯಾರದರ ಇದ್ರೂ..."

"ಬ್ಯಾರೆಯವ್ರದಿದ್ರ ಅತ್ತು ಊರಿಗೆ ಹೇಳತಿದ್ಳು. ಅಣ್ಣ ಹೋಗ್ಯಾನ ಅಂದ್ರ ಪಂಚಮಿ ಯಾರಿಗೆ ಬೇಕು? ನಾವೆಲ್ಲ ಜೋಕಾಲಿ ಆಡ್ಲಿ ಅಂತ ಬಾಯಿ ಮುಚ್ಚಿಕೊಂಡಾಳ. ಆಮ್ಯಾಲ ಹೇಳಾಕ ಹೊತ್ತ ಸಿಕ್ಕಿಲ್ಲ, ಇಲ್ಲಾ ಮನಸ ಬಂದಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾರ ಹಾಕಿಸು. ಗಂಧದ್ದು."

ಮಹಾನವಮಿ ಅಮಾವಾಸ್ಯೆಯ ದಿನ ಅತ್ತೆಯನ್ನು ಕಾರಿನಲ್ಲಿ ಮಸ್ಕಿಗೆ ಕರೆದೊಯ್ದೆ. ಹೊಸ ಗೋಡೆಗೆ ಸುಣ್ಣದ ವಾಸನೆಯ ಬದಲು ಪೇಂಟಿನ ವಾಸನೆ. ಪ್ರತಿಯ ಗಾಜಿನ ಮೇಲೆ ಅತ್ತೆ ತನ್ನ ಕೈಯಿಂದಲೇ ಮೂರು ಬೆರಳ ವಿಭೂತಿ ಎಳೆದಳು. ಹೋಳಿಗೆಯ ಎಡೆ ಇಟ್ಟರು. ಈ ಸಲ ಒಂದು ಎಲೆ ಹೆಚ್ಚು.

ಊಟದ ನಂತರ ನಾನು ಪತ್ರಗಳ ಫೈಲು ತೆರೆದು ಕೂತೆ. ಚೂರು ಇದ್ದ ಜಾಗಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಹಾಳೆ ಸೇರಿಸಿ, ಅದರೊಳಗಿಡಲು ಚೀಟಿ ಬರೆಯುತ್ತಿದ್ದೆ. ಅತ್ತೆ ಹತ್ತಿರ ಬಂದು ಕೂತಳು.

"ಏನ ಬರದೀ, ಓದು."

ಓದಿದೆ. "ಇಲ್ಲಿ ಹರಿದ ಪೋಸ್ಟ್ ಕಾರ್ಡಿನ ಚೂರೊಂದು ಇತ್ತು. ಕಸವೆಂದು ಚೆಲ್ಲಿದವನು ನಾನು. ಅಜ್ಜಿಯ ಅಣ್ಣ ತೀರಿಕೊಂಡ ಸುದ್ದಿ ಅದು ಎಂದು ಅತ್ತೆ ಹೇಳುತ್ತಾಳೆ."

"ನನ್ನ ಮ್ಯಾಲ ಯಾಕ ಹಾಕ್ತೀ? ನಾ ಎಲ್ಲಿದ್ದೆ ಆವತ್ತ? ಓದಿದಾವ ನೀ."

ರಬ್ಬರು ಹುಡುಕಿ ತೆಗೆದೆ. ಕೊನೆಯ ಸಾಲು ಅಳಿಸಿ, ಆ ಕಾರ್ಡನ್ನು ಅಜ್ಜಿಗೆ ಓದಿ ಹೇಳಿದವನು ನಾನು ಎಂದು ಬರೆದೆ. ಅತ್ತೆ ಇಣುಕಿ ನೋಡಿದಳು.

"ಪೆನ್ನಿಲೆ ಬರಿ. ಇದು ಅಳಸಿ ಹೊಕ್ಕೈತಿ."

ಹಳೆಯ ಕಾಗದಗಳ ಜೊತೆ ಇಡುವ ಚೀಟಿಗೆ ಶಾಯಿ ಬಳಸಬಾರದು, ಪೆನ್ಸಿಲಿನಲ್ಲೇ ಬರೆಯಬೇಕು, ಅದೇ ನಿಯಮ ಎಂದು ಅವಳಿಗೆ ಹೇಳಿದೆ. ನಿಯಮ ಇರುವುದು ನಿಜ.