ಅಪ್ಪನ ರಿವಾಲ್ವರಿಗೆ ಐವತ್ತು ತೋಟಾ

ಶಾಗ್ಯದಿಂದ ಕೊಳ್ಳೇಗಾಲಕ್ಕೆ ಹೋಗೋ ಬಸ್ಸಿನಲ್ಲಿ ಅವತ್ತು ನಾನು ಕೂತಿದ್ದೆ ಅನ್ನೋದಕ್ಕಿಂತ ಕುಣೀತಿದ್ದೆ ಅನ್ನಬೇಕು. ಪಕ್ಕದಲ್ಲಿ ಅಪ್ಪ, ಅಪ್ಪನ ತೊಡೆ ಮೇಲೆ ಬಟ್ಟೆ ಚೀಲ, ಚೀಲದೊಳಗೆ ರಿವಾಲ್ವರಿನ ಲೈಸೆನ್ಸ್ ಪುಸ್ತಕ. ತೋಟಾ ಕೊಳ್ಳೋಕೆ ಹೊರಟಿದ್ದೆವು, ಅದೂ ನಾನು ಗುರಿ ಕಲಿಯೋಕೆ! ಹೆಂಗಸಿನ ಕೈಗೆ ಕುಡುಗೋಲು ಬಿಟ್ಟರೆ ಬೇರೆ ಆಯುಧ ಕೊಡದ ಊರಿನಲ್ಲಿ ಇದೇನು ಸಣ್ಣ ಮಾತೇ? ಇಪ್ಪತ್ತಾರು ವರ್ಷದ ನನಗೆ ಸೀಟಿನ ಮೇಲೆ ನಿಂತು ಬಸ್ಸಿಗೆಲ್ಲ ಕೇಳೋ ಹಾಗೆ ಕೂಗಿ ಹೇಳಬೇಕು ಅನ್ನಿಸ್ತಿತ್ತು.

ಅರವತ್ತರ ದಶಕದ ನಡುವಿನ ಮಾತು ಇದು. ನಮ್ಮ ಮನೆ ಊರೊಳಗಿರಲಿಲ್ಲ, ಕಾಡಂಚಿನ ಹೊಲದಲ್ಲಿ ಒಂಟಿಯಾಗಿತ್ತು. ಅದಕ್ಕೇ ಅಪ್ಪ ಯಾವ ಕಾಲದಲ್ಲೋ ಮೂವತ್ತೆರಡು ಬೋರಿನ ರಿವಾಲ್ವರ್ ಒಂದನ್ನ ತಕ್ಕೊಂಡಿದ್ದ. ಲೈಸೆನ್ಸಿನ ಮೊದಲ ಹಾಳೆಗಳಲ್ಲಿ ಕೊಯಮತ್ತೂರಿನ ಮೊಹರು, ನಮ್ಮ ಸೀಮೆ ಮೈಸೂರಿಗೆ ಸೇರಿದ ಮೇಲೆ ಮೈಸೂರಿನ ಮೊಹರು. ಆ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾನೊಬ್ಬಳೇ ಮಗಳು, ಗಂಡನನ್ನ ಕಳಕೊಂಡು ತವರಿಗೆ ಬಂದವಳು. ಅಡುಗೆಮನೆ ಅವ್ವನದು, ಹೊಲದ ಕೆಲಸ ಎಲ್ಲ ನಾನೇ ನೋಡ್ಕೋತಿದ್ದೆ. ಆದರೆ ನಮ್ಮ ಕಡೆ ಒಂದು ರೂಢಿ. ಮನೆಯ ಬಂದೂಕು ಯಾರ ಹೆಸರಿನಲ್ಲಿದೆಯೋ ಅವರೇ ಯಜಮಾನ. ಆಳುಗಳು ಅವರನ್ನೇ ಕೇಳೋದು, ಬಾವಿ ನೀರಿನ ಸರದಿ ಅವರೇ ಹೇಳೋದು, ಕಡಲೆಕಾಯಿ ವ್ಯಾಪಾರಕ್ಕೆ ಬಂದವರು ಅವರ ಮುಂದೇನೇ ಕೂರೋದು.

ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಪಕ್ಕದ ಹೊಲದಲ್ಲೇ ಇದ್ದರು, ಎರಡು ಹೊಲಕ್ಕೂ ಬಾವಿ ಒಂದೇ. ಕೆಟ್ಟ ಮನುಷ್ಯರಲ್ಲ. ಆದರೆ ಅಪ್ಪ ಮಲಗಿದ ವಾರಕ್ಕೇ ನಮ್ಮ ಆಳುಗಳಿಗೆ ಕೆಲಸ ಹಚ್ಚೋಕೆ ಶುರು ಮಾಡಿದರು. "ಎಣ್ ಎಂಗ್ಸಿಗೆ ಪಿಸ್ತೂಲ್ ಯಾಕಣ್ಣ? ನನ್ನೆಸ್ರಿಗ್ ಬರ್ಸು" ಅಂತ ಅಪ್ಪನ ಮುಂದೆ, ನನ್ನೆದುರಿಗೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ಅರ್ಜಿ ಹಾಕಿದೆ, ಅವರೂ ಹಾಕಿದರು. ದಸರಾ ಕಳೆದ ಮೇಲೆ ಇನ್‌ಸ್ಪೆಕ್ಟರು ಹೊಲಕ್ಕೇ ಬಂದು, ಇಬ್ಬರ ಕೈಲೂ ಹೊಡೆಸಿ ನೋಡಿ, ಯಾರು ತಕ್ಕವರು ಅಂತ ವರದಿ ಬರೆಯೋದು ಅಂತ ಆಯಿತು. ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ನಾಡಬಂದೂಕಿನಲ್ಲಿ ಹಂದಿ ಹೊಡೆದವರು. ನಾನು ಹೊಡೆದಿದ್ದು ಬರೀ ಮಾವಿನಕಾಯಿಗೆ ಕಲ್ಲು!

ಕೊಳ್ಳೇಗಾಲದ ಮದ್ದುಗುಂಡಿನ ಅಂಗಡಿಯವರು ಪಟಾಲಂನಲ್ಲಿದ್ದು ಬಂದ ಮುದುಕರು. ಕನ್ನಡದೊಳಗೆ ಆಗಾಗ ತಮಿಳು ಬೆರೆಸೋರು. ಲೈಸೆನ್ಸ್ ತಿರುವಿ ನೋಡಿ, "ವರ್ಷಕ್ಕೆ ಐವತ್ತು ತೋಟಾ. ಅದ್ರ ಮೇಲೆ ಒಂದೂ ಇಲ್ಲ ಅಮ್ಮಣ್ಣಿ" ಅಂದರು. ಆಮೇಲೆ ಮೂರು ತರ ಮುಂದಿಟ್ಟರು. ಒಂದು ವಿಲಾಯತಿ ಸರಕು, ಡಬ್ಬಿ ತೆಗೆದರೆ ಹಿತ್ತಾಳೆ ಥಳಥಳ. ಬೆಲೆ ಕೇಳಿ ಅಪ್ಪ ಕೆಮ್ಮಿದ. ಇನ್ನೊಂದು ನಮ್ಮ ದೇಶದ ಸರ್ಕಾರಿ ಕಾರ್ಖಾನೆಯದು, ಮಂಕು ಬಣ್ಣದ ಕಾಗದದ ಪೆಟ್ಟಿಗೆ, ಬೆಲೆ ಅರ್ಧಕ್ಕಿಂತ ಕಮ್ಮಿ. ಮೂರನೇದು ಬಿಸ್ಕತ್ ಡಬ್ಬದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ತೋಟಾಗಳು. ಇವು ಇನ್ನೂ ಅಗ್ಗ ಇರಬೇಕು ಅಂತ ನಾನು ನೇರ ಅದಕ್ಕೇ ಕೈ ಹಾಕಿದೆ. ಅವರು ಪಟ್ ಅಂತ ಕೈ ಮೇಲೆ ಹೊಡೆದರು.

"ಅದು ಮಾರಕ್ಕಲ್ಲ, ನಿಮ್ಮಂಥೋರ್ಗೆ ತೋರ್ಸಕ್ಕೆ ಇಟ್ಟಿರೋದು. ನೋಡು, ಇದ್ರ ಮೈಗೆ ಕಿಲುಬು ಹಿಡಿದಿದೆ. ಇದ್ರ ತಳದಲ್ಲಿ ಮದ್ದಿಗೆ ಕಿಡಿ ಕೊಡೋ ಕ್ಯಾಪ್ ಉಬ್ಬಿ ನಿಂತಿದೆ. ಇನ್ನೊಂದು ಯಾವೂರಿಂದೋ, ಯಾವ ಕಾಲದ್ದೋ! ಅಗ್ಗ ಅಂತ ಇಂಥಾದ್ದು ತಕ್ಕಂಡ್ರೆ ಬೆರಳು ಎಣಿಸ್ಕೋಬೇಕಾಗುತ್ತೆ."

ಸರ್ಕಾರಿ ಪೆಟ್ಟಿಗೆ ಎತ್ತಿ ಅದರ ಪಕ್ಕದಲ್ಲಿ ಅಚ್ಚಾಗಿದ್ದ ನಂಬರು ತೋರಿಸಿದರು. ಒಂದೇ ನಂಬರಿನವೆಲ್ಲ ಒಂದೇ ಸಲ ತಯಾರಾದವು, ಅದಕ್ಕೆ ಲಾಟು ಅಂತಾರೆ. ಮೊದಲು ಹನ್ನೆರಡೇ ತಕೊಂಡು ಹೋಗು, ಹನ್ನೆರಡೂ ಹಾರಿದರೆ ಅದೇ ಲಾಟಿನವನ್ನ ಮಿಕ್ಕಿದ್ದಕ್ಕೆ ಎತ್ತಿಡ್ತೀನಿ, ಒಂದು ಕೈಕೊಟ್ಟರೂ ಬಾ, ಬೇರೆ ಲಾಟು ಕೊಡ್ತೀನಿ ಅಂದರು. ಮನೇಲಿ ತುಂಬಿಡೋದೂ, ಕಲಿಯೋಕೆ ಹೊಡೆಯೋದೂ ಒಂದೇ ತೂಕದ ಗುಂಡಾಗಿರಬೇಕಂತೆ, ಇಲ್ಲದಿದ್ದರೆ ಕಲಿತ ಕೈ ತಪ್ಪುತ್ತಂತೆ. ಅಪ್ಪ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದ. ಹನ್ನೆರಡು ತೋಟಾ ನನ್ನ ಮಡಿಲಿಗೆ ಬಂದವು. ಅಯ್ಯೋ, ಆ ಭಾರ! ಊರಿನವರೆಗೂ ಕೈ ತೆಗೆಯಲಿಲ್ಲ.

ಬಾವಿ ತೋಡಿದ ಮಣ್ಣು ಗುಡ್ಡೆಯಾಗಿ ಬಿದ್ದಿತ್ತಲ್ಲ, ಅದರ ಮುಂದೆ ಕಡಲೆಕಾಯಿ ಸಿಪ್ಪೆ ತುಂಬಿದ ಗೋಣಿಚೀಲ ನಿಲ್ಲಿಸಿ ಸುಣ್ಣದಲ್ಲಿ ಗುಂಡಗೆ ಒಂದು ಗೆರೆ ಎಳೆದೆ. ಅಪ್ಪ ಹಿಂದೆ ಕುರ್ಚಿ ಹಾಕ್ಕೊಂಡು ಕೂತ. ಮೊದಲ ಏಟಿಗೆ ಕಿವಿ ಗುಂಯ್ ಅಂತು, ಕಟ್ಟಿದ್ದ ಎತ್ತು ಹಗ್ಗ ಕಿತ್ತುಕೊಂಡು ಓಡಿತು, ಗುಂಡು ಎಲ್ಲಿಗೆ ಹೋಯಿತೋ ಶಿವನೇ ಬಲ್ಲ. ನಾನು ಮಾತ್ರ ನಗ್ತಿದ್ದೆ, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ದೆ! ಹನ್ನೆರಡರಲ್ಲಿ ಹನ್ನೆರಡೂ ಹಾರಿದವು. ಮಾರನೇ ದಿನವೇ ಹೋಗಿ ಅದೇ ಲಾಟಿನ ಮೂವತ್ತೆಂಟು ತಂದೆವು. ದಿನಕ್ಕೆ ಎರಡು, ಮೂರು ಅಂತ ಜಿಪುಣಿಯ ಹಾಗೆ ಹೊಡೀತಾ ಬಂದೆ. ಒಂದು ಸಂಜೆ ಸುಣ್ಣದ ಗೆರೆಯೊಳಗೆ ತೂತು ಬಿತ್ತು. "ಬಿತ್ತು ಕಣ್ ಕೂಸೇ!" ಅಂತ ಅಪ್ಪ ಕುರ್ಚಿಯಿಂದ ಏಳೋಕೆ ಹೋಗಿ ಬೀಳೋದರಲ್ಲಿದ್ದ. ಅಷ್ಟರಲ್ಲಿ ದಸರಾ ಬಂತು. ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಉಳಿದಿದ್ದವು.

ಹಬ್ಬ ಕಳೆದ ಮೂರನೇ ದಿನ ಆರು ತುಂಬಿಕೊಂಡು ಮಣ್ಣುಗುಡ್ಡೆಗೆ ಹೋದೆ. ಮೊದಲನೇದು ಹಾರಿತು. ಎರಡನೇದು ಟಕ್! ಬರೀ ಟಕ್. ಬೈಕೊಂಡು ಆ ತೋಟಾ ಕಿತ್ತು ಆಚೆ ಎಸೆದೆ. ಮತ್ತೊಂದು ಟಕ್, ಇನ್ನೊಂದು ಟಕ್. ಆರರಲ್ಲಿ ಮೂರು ಹಾರಲೇ ಇಲ್ಲ. ನಾಲ್ಕೇ ದಿನಕ್ಕೆ ಇನ್‌ಸ್ಪೆಕ್ಟರು ಬರೋರು! ಎಸೆದದ್ದನ್ನೆಲ್ಲ ಹೆಕ್ಕಿಕೊಂಡು, ಉಳಿದಿದ್ದರ ಡಬ್ಬೀನೂ ತಕ್ಕೊಂಡು, ಅಪ್ಪನನ್ನ ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ಅಂಗಡಿ ಮೆಟ್ಟಿಲಿನಿಂದಲೇ ಬಾಯಿ ಮಾಡಿದೆ. "ಒಳ್ಳೇ ಮಾತಾಡಿ ಕೆಟ್ ಮಾಲ್ ಕೊಟ್ರಲ್ಲ, ನಿಮ್ಗೇನ್ ಮಾನ ಮರ್ಯಾದೆ ಐತಾ?" ಬೀದಿ ಬೀದಿಯೇ ನಿಂತು ನೋಡಿತು.

"ಪೊರು ತಾಯಿ, ಪೊರು, ಸ್ವಲ್ಪ ತಡಿ" ಅಂತ ಅವರು ಒಂದು ತೋಟಾ ಎತ್ತಿ ಬೆರಳಲ್ಲಿ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಎತ್ತಿ ಅದನ್ನೂ ಮೂಸಿದರು. ಆಮೇಲೆ ಕೇಳಿದರು, "ಹರಳೆಣ್ಣೆ ವಾಸನೆ ಬರ್ತದಲ್ಲ. ಇದೇನು ತೋಟಾನಾ, ಕೂಸಿನ ನೆತ್ತೀನಾ?"

ಅಪ್ಪ ಎಡಗೈಯಲ್ಲಿ ಹಣೆ ಚಚ್ಚಿಕೊಂಡ. ನನಗೂ ಆಗಲೇ ಹೊಳೆದದ್ದು. ನಮ್ಮ ಮನೇಲಿ ಆಯುಧ ಪೂಜೆಗೆ ಇಡೋ ಕಬ್ಬಿಣಕ್ಕೆಲ್ಲ ಹರಳೆಣ್ಣೆ ಮುಟ್ಟಿಸಬೇಕು, ಆಮೇಲೇ ವಿಭೂತಿ. ನೇಗಿಲ ಗುಳ, ಕುಡುಗೋಲು, ಕೊಡಲಿ ಎಲ್ಲಕ್ಕೂ. ಅವ್ವ ಪಾಪ, ರಿವಾಲ್ವರಿಗೆ ಬಳಿದು, ತೋಟಾಗಳನ್ನ ಮಾತ್ರ ಬಿಡೋದು ಹೇಗೆ ಅಂತ ಇಪ್ಪತ್ತನಾಲ್ಕನ್ನೂ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ತಳ ಮುಳುಗೋಷ್ಟು ಎಣ್ಣೆ ಹುಯ್ದು, ಒಂದು ಹಗಲು ಒಂದು ರಾತ್ರಿ ದೇವರ ಮುಂದಿಟ್ಟಿದ್ದಳು. ಎಣ್ಣೆ ಕ್ಯಾಪಿನೊಳಗೆ ಇಳಿದರೆ ಮದ್ದು ಸತ್ತಹಾಗೇ ಅಂದರು ಮುದುಕರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. "ತಪ್ಪಾಯ್ತು ಸಾ" ಅಂದೆ.

"ಅದು ಇರ್ಲಿ. ಟಕ್ ಅಂದಾಗ ಏನು ಮಾಡ್ದೆ?"

"ತಕ್ಷಣ ಕಿತ್ ಎಸ್ದೆ."

ಈಗ ಕೂಗೋ ಸರದಿ ಅವರದಾಯಿತು. ಕೆಲವು ತೋಟಾ ಟಕ್ ಅಂದಮೇಲೂ ಒಳಗೊಳಗೇ ಹೊಗೆಯಾಡ್ತಾ ಇದ್ದು ತಡವಾಗಿ ಹಾರುತ್ತಂತೆ. ಟಕ್ ಅಂದರೆ ಅಲ್ಲಾಡಬಾರದು, ಬಾಯಿ ಮಾಡಬಾರದು, ತಿರುಗಬಾರದು, ಗುರಿಯ ಕಡೆಗೇ ಹಿಡಿದು ನಿಧಾನವಾಗಿ ಮೂವತ್ತು ಎಣಿಸಬೇಕು. ಹತ್ತು ಸಲ ನನ್ನ ಬಾಯಲ್ಲಿ ಹೇಳಿಸಿದರು. ಐವತ್ತು ಮುಗಿದಿತ್ತು, ಹೊಸದು ಒಂದನ್ನೂ ಕೊಡೋ ಹಾಗಿರಲಿಲ್ಲ. ಉಳಿದಿದ್ದ ಹದಿನೆಂಟನ್ನ ಒಣಬಟ್ಟೆಯಲ್ಲಿ ಒರೆಸಿ ಕೊಟ್ಟು, "ಇದ್ರಲ್ಲಿ ಯಾವ್ದು ಹಾರುತ್ತೆ, ಯಾವ್ದು ಇಲ್ಲ, ನಂಗೂ ಗೊತ್ತಿಲ್ಲ" ಅಂದರು. ಮನೆಗೆ ಬಂದು ಅವ್ವನ ಮೇಲೆ ಎಗರಾಡಿದೆ. "ದೇವ್ರಿಗಿಟ್ಟಿದ್ದು ಕೆಡ್ತದಾ? ನಿನ್ ಬಾಯ್ ಕೆಟ್ಟಿರೋದು ಕಣೇ" ಅಂದಳು.

ಇನ್‌ಸ್ಪೆಕ್ಟರು ಬಂದ ದಿನ ಅರ್ಧ ಊರೇ ಹೊಲದಲ್ಲಿತ್ತು. ಎಣ್ಣೆಯ ಕತೆ ಮುಚ್ಚಿಡದೆ ಹೇಳಿಬಿಟ್ಟೆ, ಟಕ್ ಅಂದರೆ ಏನು ಮಾಡಬೇಕು ಅನ್ನೋದನ್ನೂ ಚಿಕ್ಕಪ್ಪನ ಮುಂದೆಯೇ ಹೇಳಿದೆ. "ನಂಗೇ ಯೋಳ್ಕೊಡೋಕ್ ಬಂದ್ಯಾ?" ಅಂತ ಅವರು ಮೀಸೆ ತೀಡಿದರು. ಹಂಗೇ ಆಗಲಿ, ಇಬ್ಬರೂ ಅದೇ ಡಬ್ಬಿಯಿಂದ ಆರಾರು ಹೊಡೀರಿ ಅಂದರು ಇನ್‌ಸ್ಪೆಕ್ಟರು.

ಮೊದಲು ನಾನು. ಎರಡೂ ಕಾಲು ಮಣ್ಣಿಗೆ ಊರಿ ನಿಂತೆ. ಒಂದನೇದು ಗೆರೆಯೊಳಗೆ! ಎರಡನೇದು ಟಕ್. ಹಿಂದಿನಿಂದ ಚಿಕ್ಕಪ್ಪನ ನಗು ಕೇಳಿತು. "ಆಯ್ತಲ್ಲ, ಇನ್ ಒಲೆ ಮುಂದೆ ಓಗವ್ವ." ನನ್ನ ಕಿವಿ ಕಾದುಹೋದವು. ತಿರುಗಿ ಎರಡು ಮಾತು ಆಡಬೇಕು ಅಂತ ನಾಲಿಗೆ ತುದಿಗೆ ಬಂತು. ಆಡಲಿಲ್ಲ. ಗೋಣಿಚೀಲ ಬಿಟ್ಟು ಕಣ್ಣು ಕದಲಿಸದೆ ಮೂವತ್ತರವರೆಗೆ ಎಣಿಸಿದೆ. ಜನ ಗುಸುಗುಸು ಅಂದರು, ನಕ್ಕರು, ಎಣಿಸಿದೆ. ಆಮೇಲೆ ಮುಂದಿನದು ಹೊಡೆದೆ. ಆರರಲ್ಲಿ ನಾಲ್ಕು ಹಾರಿದವು, ಎರಡು ಗೆರೆಯೊಳಗೆ ಬಿದ್ದವು.

ಚಿಕ್ಕಪ್ಪನ ಕೈ ನೋಡಬೇಕಿತ್ತು. ಮೊದಲ ಎರಡೂ ಗೆರೆಯ ನಟ್ಟನಡುವೆ! ನನಗೆ ಅಳುವೇ ಬಂತು, ಮುಗೀತು ಕತೆ ಅಂದುಕೊಂಡೆ. ಮೂರನೇದು ಟಕ್ ಅಂತು. "ಇದೇನ್ ಸಾ ಇದು!" ಅಂತ ಚಿಕ್ಕಪ್ಪ ರಿವಾಲ್ವರ್ ಹಿಡಕೊಂಡೇ ಗಿರಕ್ಕನೆ ಇನ್‌ಸ್ಪೆಕ್ಟರ ಕಡೆ ತಿರುಗಿದರು. ನಾನು "ಬಗ್ಗಿ!" ಅಂತ ಕಿರುಚಿ ಅಪ್ಪನ ಕುರ್ಚಿಯನ್ನೇ ಉರುಳಿಸಿದೆ. ಜನ ದಡದಡ ಮಣ್ಣಿಗೆ ಬಿದ್ದರು, ಇನ್‌ಸ್ಪೆಕ್ಟರು ನಮ್ಮ ಎತ್ತಿನ ಗಾಡಿಯ ಚಕ್ರದ ಹಿಂದೆ ಅವಿತರು. ತೋಟಾ ಹಾರಲಿಲ್ಲ, ಶಿವ ದೊಡ್ಡವನು. ಚಿಕ್ಕಪ್ಪನೇ ಅದನ್ನ ಗೋಣಿಚೀಲದ ಕಡೆ ತಿರುಗಿಸಿದರು. ಇನ್‌ಸ್ಪೆಕ್ಟರು ಪ್ಯಾಂಟಿನ ಮಣ್ಣು ಕೊಡವಿಕೊಂಡು, ರಿವಾಲ್ವರ್ ಇಸಕೊಂಡು ಬಿಚ್ಚಿ ಖಾಲಿ ಮಾಡಿದರು. ಇನ್ನು ಮೂರು ಹೊಡೆಸೋ ಗೋಜಿಗೇ ಹೋಗಲಿಲ್ಲ, ಗಾಡಿಯ ಹಲಗೆಯ ಮೇಲೆ ಕಾಗದ ಇಟ್ಟು ನನ್ನ ಹೆಸರು ಬರೆದರು.

ಮಾರನೇ ಬೆಳಿಗ್ಗೆ ಕಸ ಗುಡಿಸ್ತಿದ್ದೆ. ಚಿಕ್ಕಪ್ಪ ಬಂದು ಜಗುಲಿಯ ಕೆಳಗೇ ನಿಂತರು. ಅಪ್ಪ ಒಳಗೆ ಎಚ್ಚರವಾಗೇ ಇದ್ದ, ಅವನನ್ನ ಕರೀಲಿಲ್ಲ. ಟವಲ್ಲನ್ನ ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡು, ನನ್ನ ಮುಖ ನೋಡದೆ ಕೇಳಿದರು.

"ಬಾವಿ ನೀರ್ನ ಇವತ್ತು ಯಾವ್ ಒಲಕ್ ತಿರುಗ್ಸಣವ್ವ?"

ಪೊರಕೆ ಕೆಳಗಿಟ್ಟೆ. "ಇವತ್ತು ನಿಮ್ಮೊಲಕ್ಕೆ ಬಿಟ್ಕಳಿ ಚಿಕ್ಕಪ್ಪ" ಅಂದೆ. ಅವರು ತಲೆಯಾಡಿಸಿ ಹೋದರು.